ಹನ್ನೊಂದು ತಟ್ಟೆಯ ಊಟ: ಬಳಕೆದಾರರ ಕೈಪಿಡಿ

ಮಿಕ್ಸಿ ಕೊಂಡರೆ ಜೊತೆಗೊಂದು ಪುಸ್ತಿಕೆ ಕೊಡುತ್ತಾರೆ. ಯಾರೂ ಓದುವುದಿಲ್ಲ, ಆದರೂ ಕೊಡುತ್ತಾರೆ. ಮಿಕ್ಸಿಗಿಂತ ಹೆಚ್ಚು ಬೆಲೆಯ ಊಟವೊಂದು ಈಗ ಬೆಂಗಳೂರಿನಲ್ಲಿ ಸಿಗುತ್ತದೆ: ಲ್ಯಾವೆಲ್ ರಸ್ತೆಯ ಆಸುಪಾಸಿನಲ್ಲಿ, ಇಂದಿರಾನಗರದ ಒಳರಸ್ತೆಗಳಲ್ಲಿ, ಪಂಚತಾರಾ ಹೋಟೆಲುಗಳ ಮೇಲಿನ ಮಹಡಿಗಳಲ್ಲಿ, ಎದುರಿಗಿರುವವರ ಮುಖ ಅರ್ಧ ಮಾತ್ರ ಕಾಣುವ ಬೆಳಕಿನಲ್ಲಿ. ಟೇಸ್ಟಿಂಗ್ ಮೆನು ಎನ್ನುತ್ತಾರೆ. ಏನು ಬೇಕೆಂದು ನೀವು ಹೇಳುವಂತಿಲ್ಲ. ಏಳೋ ಒಂಬತ್ತೋ ಹನ್ನೊಂದೋ ತಟ್ಟೆಗಳು ತಾವಾಗಿಯೇ ಒಂದಾದ ಮೇಲೊಂದು ಬರುತ್ತವೆ. ಎರಡೂವರೆ ಮೂರು ಗಂಟೆ ಹಿಡಿಯುತ್ತದೆ. ಇದಕ್ಕೆ ಮಾತ್ರ ಯಾವ ಪುಸ್ತಿಕೆಯೂ ಇಲ್ಲ. ಆ ಕೊರತೆ ತುಂಬಲು ಈ ಕೈಪಿಡಿ. ಬಳಸುವ ಮುನ್ನ ಪೂರ್ತಿ ಓದಿ, ಮುಂದಿನ ಉಪಯೋಗಕ್ಕೆ ಜೋಪಾನವಾಗಿಡಿ.

ಒಂದು ಮಾತು ಮೊದಲೇ ತಿಳಿದಿರಲಿ. ಇಲ್ಲಿ ಚಾಲೂ ಮಾಡಬೇಕಾದ ಯಂತ್ರ ಕುರ್ಚಿಯ ಮೇಲೆ ಕೂತಿದೆ. ಮೆಸ್ಸಿನಲ್ಲಿ, ಖಾನಾವಳಿಯಲ್ಲಿ, ದರ್ಶಿನಿಯಲ್ಲಿ ಕೆಲಸವೆಲ್ಲ ಅವರದು, ಬಾಯಿ ಮಾತ್ರ ನಮ್ಮದು. ಈ ಊಟದಲ್ಲಿ ಉಣ್ಣುವವನಿಗೂ ಪಾಳಿ ಕೆಲಸವಿದೆ: ಕೇಳಬೇಕು, ನೋಡಬೇಕು, ಮೂಸಬೇಕು, ಕಾಯಬೇಕು, ಸರಿಯಾದ ಹೊತ್ತಿಗೆ ಹುಬ್ಬೇರಿಸಬೇಕು. ಕೆಲಸ ನೆಟ್ಟಗೆ ಮಾಡಿದರೆ ಊಟ ನಿಜಕ್ಕೂ ಚೆನ್ನಾಗಿರುತ್ತದೆ. ಮಾಡದಿದ್ದರೆ ಬಿಲ್ಲೊಂದೇ ನೆನಪಿರುತ್ತದೆ.

ಅಳವಡಿಸುವ ಮುನ್ನ

ಹಸಿವಾದಾಗ ಹೋಗುವ ಜಾಗ ಇದಲ್ಲ. ಹಸಿವನ್ನೇ ಮುಂಚಿತವಾಗಿ ಕಾಯ್ದಿರಿಸಬೇಕು. ಟೇಬಲ್ ಬುಕ್ ಮಾಡುವಾಗ ಏಳು ಗಂಟೆಯದೋ ಒಂಬತ್ತೂವರೆಯದೋ ಎಂದು ಕೇಳುತ್ತಾರೆ. ಮದುವೆಮನೆಯ ಮೊದಲ ಪಂಕ್ತಿ, ಎರಡನೇ ಪಂಕ್ತಿ ಇದ್ದ ಹಾಗೆ. ಹಲವು ಕಡೆ ಮುಂಗಡ ಕಟ್ಟಿಸಿಕೊಳ್ಳುತ್ತಾರೆ, ಬರದಿದ್ದರೆ ವಾಪಸಿಲ್ಲ. ಇದನ್ನು ದುರಾಸೆ ಎನ್ನಲಾರೆ. ಇಪ್ಪತ್ತು ಕುರ್ಚಿಯ ಜಾಗಕ್ಕೆ ನಾಲ್ವರು ಕೈಕೊಟ್ಟರೆ ಅಂದಿನ ಗಳಿಕೆಯ ಐದರಲ್ಲೊಂದು ಪಾಲು ಹೋಯಿತು. ಅವರಿಗೆಂದು ಬೆಳಗಿನಿಂದ ತೊಳೆದು, ಹೆಚ್ಚಿ, ನೆನೆಹಾಕಿದ್ದು ಮಾರನೆಯ ದಿನಕ್ಕೆ ಬರುವುದಿಲ್ಲ.

'ಅಲರ್ಜಿ ಏನಾದ್ರೂ ಇದ್ಯಾ?' ಎಂದು ಫೋನಿನಲ್ಲೇ ಕೇಳುತ್ತಾರೆ. ಇಲ್ಲಿ ಉಡಾಫೆ ಬೇಡ. ಕಡಲೆಕಾಯಿ, ಸೀಗಡಿ, ಗೋಧಿ ಒಗ್ಗದವರು ಹೇಳಲೇಬೇಕು. ಈರುಳ್ಳಿ ಬೆಳ್ಳುಳ್ಳಿ ಮುಟ್ಟದವರು, ಶನಿವಾರ ಮಾಂಸ ಬಿಟ್ಟವರು, ಮೊಟ್ಟೆ ತಿಂತೀನಿ ಆದರೆ ಕೇಕಿನಲ್ಲಿ ಮಾತ್ರ ಎನ್ನುವವರು, ಎಲ್ಲರೂ ಈಗಲೇ ಹೇಳಿಬಿಡಿ. ಸಂಕೋಚವೇನೂ ಬೇಡ, ಈ ಊರಿನ ಅಡುಗೆಯವರು ಇದಕ್ಕಿಂತ ಹೆಚ್ಚಿನದನ್ನು ಕೇಳಿದ್ದಾರೆ. ಟೇಬಲಿಗೆ ಬಂದು ಹೇಳಿದರೆ ಹೊತ್ತು ಮೀರಿತು: ಸಾಸು, ಸ್ಟಾಕು, ಒಗ್ಗರಣೆ ಎಣ್ಣೆಗಳೆಲ್ಲ ಮೊದಲೇ ತಯಾರಾಗಿ ಡಬ್ಬಿಯಲ್ಲಿ ಕೂತಿರುತ್ತವೆ, ಅದರೊಳಗಿನ ಬೆಳ್ಳುಳ್ಳಿಯನ್ನು ಹೆಕ್ಕಿ ತೆಗೆಯಲು ಬ್ರಹ್ಮನಿಗೂ ಆಗದು. ಅಮ್ಮನನ್ನು ಕರೆದೊಯ್ಯುವವರಿಗೆ ವಿಶೇಷ ಸೂಚನೆ: 'ನಂಗೆ ಬದನೆಕಾಯಿ ಸೇರಲ್ಲ ಕಣೋ' ಎಂಬುದು ಅಲರ್ಜಿಯಲ್ಲ. ಆದರೂ ಬರೆಸಿ. ಬರೆಸದಿದ್ದರೆ ಐದನೇ ತಟ್ಟೆಯಲ್ಲಿ ಬದನೆಕಾಯಿಯೇ ಬರುತ್ತದೆ, ಸುಟ್ಟು, ಸಿಪ್ಪೆ ಸುಲಿದು, ಉಡುಪಿಯ ಮಟ್ಟುಗುಳ್ಳ ಎಂಬ ಬಿರುದು ಹೊತ್ತು.

ಉಡುಪಿನ ವಿಷಯದಲ್ಲಿ 'ಸ್ಮಾರ್ಟ್ ಕ್ಯಾಶುವಲ್' ಎಂದಿರುತ್ತದೆ. ಹಾಗೆಂದರೇನು ಎಂದು ಬರೆದವರಿಗೂ ಗೊತ್ತಿರಲಾರದು. ಚಡ್ಡಿ, ಹವಾಯಿ ಚಪ್ಪಲಿ ಬೇಡ ಎಂದಿಟ್ಟುಕೊಳ್ಳಿ. ಪಂಚೆ ಆಗುತ್ತದೆಯೇ? 2024ರ ಜುಲೈನಲ್ಲಿ ಮಾಗಡಿ ರಸ್ತೆಯ ಮಾಲೊಂದು ಪಂಚೆಯುಟ್ಟ ರೈತರೊಬ್ಬರನ್ನು ಒಳಗೆ ಬಿಡಲಿಲ್ಲ. ಮಾತು ವಿಧಾನಸಭೆಗೆ ಹೋಯಿತು, ಸರ್ಕಾರ ಆ ಮಾಲನ್ನೇ ಏಳು ದಿನ ಮುಚ್ಚಿಸಿತು. ಬಾಗಿಲು ಕಾಯುವವರಿಗೆ ಅದು ಇನ್ನೂ ನೆನಪಿರಬೇಕು. ಇಸ್ತ್ರಿ ಮಾಡಿದ ಪಂಚೆಯಲ್ಲಿ ಧೈರ್ಯವಾಗಿ ಹೋಗಿ.

ಬಿಡಿಭಾಗಗಳು

ಕೂತ ಕೂಡಲೇ ತೊಡೆಯ ಮೇಲೆ ಬಟ್ಟೆ ಹಾಸಲು ಬರುತ್ತಾರೆ. ಹಾಸಲಿ. ನೀವೂ ಕೈ ಹಾಕಿದರೆ ಇಬ್ಬರಿಗೂ ಮುಜುಗರ. ಮುಂದಿನ ಪ್ರಶ್ನೆ ನೀರಿನದು: 'ಸ್ಟಿಲ್ ಆರ್ ಸ್ಪಾರ್ಕ್ಲಿಂಗ್, ಸರ್?' ಎರಡೂ ಬಾಟಲಿ, ಎರಡಕ್ಕೂ ದುಡ್ಡು. ಅವರು ಹೇಳದ ಮೂರನೇ ಉತ್ತರವೊಂದಿದೆ, 'ರೆಗ್ಯುಲರ್ ವಾಟರ್'. ಬಾಟಲಿಯೇ ಬೇಕೆಂದರೆ ಅದರ ಮೇಲಿನ ಎಂ.ಆರ್.ಪಿ. ತೋರಿಸಿ ಜಗಳಕ್ಕೆ ನಿಲ್ಲಬೇಡಿ. ಹೋಟೆಲಿನಲ್ಲಿ ಕೂರಿಸಿ ಕೊಡುವ ಬಾಟಲಿ ನೀರಿಗೆ ಎಂ.ಆರ್.ಪಿ.ಗಿಂತ ಹೆಚ್ಚು ತೆಗೆದುಕೊಳ್ಳಬಹುದೆಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರಿನಲ್ಲೇ ಹೇಳಿದೆ. ಗಿರಾಕಿ ಅಲ್ಲಿಗೆ ಬರುವುದು ಬಾಟಲಿ ಕೊಳ್ಳಲಿಕ್ಕಲ್ಲ, ಕೂತು ಸೇವೆ ಪಡೆಯಲಿಕ್ಕೆ ಎಂಬುದು ಅದರ ಹಿಂದಿನ ತರ್ಕ. ಈ ಇಡೀ ದಂಧೆ ನಿಂತಿರುವುದು ಆ ಒಂದು ವಾಕ್ಯದ ಮೇಲೆ.

ಎಡಕ್ಕೆ ಫೋರ್ಕುಗಳು, ಬಲಕ್ಕೆ ಚಾಕು ಚಮಚಗಳು. ಹೊರಗಿನಿಂದ ಒಳಗೆ ಬರುತ್ತ ಹೋಗಿ, ತಟ್ಟೆಗೊಂದು ಜೋಡಿ. ಕೈಗೆತ್ತಿಕೊಂಡಾಗ ಭಾರವೆನಿಸುತ್ತದೆ, ಅದಕ್ಕೂ ಕಾರಣವಿದೆ. ಆಕ್ಸ್‌ಫರ್ಡಿನ ಚಾರ್ಲ್ಸ್ ಸ್ಪೆನ್ಸ್ ಮತ್ತು ಜೊತೆಗಾರರು ಎಡಿನ್‌ಬರೋದ ಹೋಟೆಲೊಂದರಲ್ಲಿ ಒಂದೇ ಊಟವನ್ನು ಕೆಲವರಿಗೆ ಭಾರದ ಫೋರ್ಕು ಚಾಕುಗಳೊಡನೆ, ಉಳಿದವರಿಗೆ ಹಗುರದವುಗಳೊಡನೆ ಬಡಿಸಿ ನೋಡಿ, 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಭಾರ ಹಿಡಿದವರಿಗೆ ಊಟ ಹೆಚ್ಚು ಹಿಡಿಸಿತ್ತು. ಹೆಚ್ಚು ದುಡ್ಡು ಕೊಡಲೂ ಒಪ್ಪಿದ್ದರು. ಆದ್ದರಿಂದ ಯಾವುದಾದರೂ ತಟ್ಟೆ ಆಹಾ ಅನ್ನಿಸಿದರೆ ಚಮಚ ಕೆಳಗಿಟ್ಟು ಬೆರಳಲ್ಲಿ ಒಂದಿಷ್ಟು ನೆಕ್ಕಿ ನೋಡಿ. ಬೆರಳಿಗೂ ಆಹಾ ಅನ್ನಿಸಿದರೆ ಅಡುಗೆಯವನ ಕೈ ಒಳ್ಳೆಯದು.

ಒಂದಾದ ಮೇಲೊಂದು ತಟ್ಟೆ ತರುವುದು ಫ್ರೆಂಚರಿಗೂ ಬಹಳ ಹಳೆಯ ಪದ್ಧತಿಯಲ್ಲ. ಹತ್ತೊಂಬತ್ತನೇ ಶತಮಾನದವರೆಗೆ ಅಲ್ಲಿನ ಸಿರಿವಂತರ ಮನೆಗಳಲ್ಲಿ ಹತ್ತಾರು ಪಾತ್ರೆಗಳನ್ನು ಒಟ್ಟಿಗೇ ಮೇಜಿನ ಮೇಲೆ ಹರಡುತ್ತಿದ್ದರು, ಕೈಗೆಟುಕಿದವನೇ ಭಾಗ್ಯವಂತ. ಬಿಸಿಬಿಸಿಯಾಗಿ ಒಂದೊಂದೇ ತಂದು ಬಡಿಸುವುದನ್ನು ಅವರು ರಷ್ಯಾದವರಿಂದ ಕಲಿತರು. ಪಂಕ್ತಿಯಲ್ಲಿ ಉಂಡು ಬೆಳೆದವರಿಗೆ ಎರಡೂ ಗೊತ್ತು. ಎಲೆಯ ಮೇಲಂಚಿಗೆ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ, ಗೊಜ್ಜು ಮೊದಲೇ ಬಂದು ಕೂತಿರುತ್ತವೆ. ಕೆಳಗೆ ತೊವ್ವೆ, ಸಾರು, ಹುಳಿ, ಮಜ್ಜಿಗೆ ಸರದಿಯ ಮೇಲೆ ಬರುತ್ತವೆ. ಹನ್ನೊಂದು ಎಂಬ ಸಂಖ್ಯೆಗೆ ನಾವು ಹೆದರಬೇಕಾದ್ದಿಲ್ಲ. ಇಲ್ಲಿಲ್ಲದ್ದು ಒಂದೇ, ವಿಚಾರಿಸುವವರು. 'ಏನೂ ಉಣ್ಲೇ ಇಲ್ಲ, ಇನ್ನೊಂಚೂರು ಹಾಕಿಸ್ಕೊಳ್ಳಿ' ಎಂದು ಹುಳಿಯ ಬಕೆಟ್ ಹಿಡಿದು ಯಾರೂ ಬೆನ್ನು ಬೀಳುವುದಿಲ್ಲ. ಮೂರನೇ ತಟ್ಟೆ ಎಷ್ಟು ಹಿಡಿಸಿದರೂ ಅದು ಹೋಯಿತೆಂದರೆ ಹೋಯಿತು.

ಚಾಲನೆ

ಮೊದಲು ಬರುವುದು ಲೆಕ್ಕಕ್ಕೆ ಸೇರದ ಒಂದು ತುತ್ತು, ಷೆಫ್ ಪ್ರೀತಿಯಿಂದ ಕಳಿಸಿದ್ದು. ಇದಕ್ಕೆ ಚಮಚ ಹುಡುಕಬೇಡಿ. ಕೈಯಲ್ಲೆತ್ತಿ ಒಂದೇ ಸಲಕ್ಕೆ ಬಾಯಿಗೆ ಹಾಕಿ. ಅರ್ಧ ಕಚ್ಚಿ ಅರ್ಧ ಉಳಿಸಿದರೆ ಒಳಗಿನ ರಸ ಅಂಗಿಯ ಪಾಲು.

ಆಮೇಲೆ ಪ್ರವರ ಶುರು. ತಟ್ಟೆ ಇಟ್ಟವರು ಒಂದು ಹೆಜ್ಜೆ ಹಿಂದೆ ಸರಿದು, ಕೈ ಕಟ್ಟಿ, ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಒಪ್ಪಿಸುತ್ತಾರೆ: ಇದು ರಾಗಿಯ ಹಪ್ಪಳ, ಅದರ ಮೇಲೆ ಹುಳಿ ಬರಿಸಿದ ಬೆಣ್ಣೆ, ಕೊಡಗಿನ ಕಾಚಂಪುಳಿಯಲ್ಲಿ ನೆನೆದ ಈರುಳ್ಳಿ, ಬ್ಯಾಡಗಿ ಮೆಣಸಿನಕಾಯಿ ಎಣ್ಣೆ, ಸುಟ್ಟ ತೆಂಗಿನಕಾಯಿಯ ಪುಡಿ. ಈ ಮನೆಯಲ್ಲಿ ಗೋತ್ರವಿಲ್ಲದ ತರಕಾರಿಯೇ ಇಲ್ಲ. ಪ್ರವರ ಮುಗಿಯುವ ತನಕ ತುತ್ತೆತ್ತಬಾರದು. ಮುಗಿದ ಮೇಲೆ 'ಓ' ಎನ್ನಬೇಕು. ಗಟ್ಟಿಯಾಗಿ ಬೇಡ.

ಇದನ್ನೆಲ್ಲ ಬರೀ ಶೋಕಿ ಎಂದು ನಗುವವರ ಜೊತೆ ನಾನಿಲ್ಲ. ಒಂದು ಕಾಲಕ್ಕೆ ಇಂಥ ಜಾಗಗಳಲ್ಲಿ ಎದೆಯುಬ್ಬಿಸಿ ಹೇಳುತ್ತಿದ್ದುದು ನಾರ್ವೆಯ ಸಾಲ್ಮನ್, ಇಟಲಿಯ ಟ್ರಫಲ್, ನ್ಯೂಜಿಲೆಂಡಿನ ಕುರಿಮಾಂಸ. ಊರಿನದು ಎಂದರೆ ಅಗ್ಗದ್ದು ಎಂದೇ ಲೆಕ್ಕ. 2003ರಲ್ಲಿ ಕೋಪನ್‌ಹೇಗನ್ನಿನಲ್ಲಿ ನೋಮಾ ಎಂಬ ರೆಸ್ಟೋರೆಂಟ್ ಬಾಗಿಲು ತೆರೆದು, ತಮ್ಮ ಸುತ್ತಮುತ್ತಲ ನೆಲ, ಕಡಲು, ಕಾಡಿನದನ್ನೇ ಬಡಿಸುತ್ತೇವೆಂದು ಹಟ ಹಿಡಿದ ಮೇಲೆ ಲೋಕದ ಅಡುಗೆಮನೆಗಳ ಗಾಳಿ ತಿರುಗಿತು. 2009ರಲ್ಲಿ ದೆಹಲಿಯಲ್ಲಿ ಇಂಡಿಯನ್ ಆಕ್ಸೆಂಟ್, ಮರುವರ್ಷ ಬ್ಯಾಂಕಾಕಿನಲ್ಲಿ ಕೋಲ್ಕತ್ತದ ಗಗನ್ ಆನಂದ್, 2016ರಲ್ಲಿ ಮುಂಬೈಯಲ್ಲಿ ಮಾಸ್ಕ್, ಹೀಗೆ ನಮ್ಮ ಕಡೆಗೂ ಬೀಸಿತು. ಇವತ್ತು ಬೆಂಗಳೂರಿನ ಬಿಳಿ ತಟ್ಟೆಯ ಮೇಲೆ ಅಪ್ಪೆಮಿಡಿ, ಮುರುಗಲು, ನಂಜನಗೂಡಿನ ರಸಬಾಳೆ, ರಾಜಮುಡಿ ಅಕ್ಕಿ ಕಾಣುತ್ತವೆ. ದೇವನಹಳ್ಳಿಯ ಚಕ್ಕೋತದ ನಾಲ್ಕು ಎಸಳು ಬಂದರಂತೂ ಮರ್ಯಾದೆಯಿಂದ ತಿನ್ನಿ. ಅದರ ತೋಟಗಳಿದ್ದ ನೆಲ ಬಹುಪಾಲು ಸೈಟಾಗಿದೆ. ನೋಮಾದವರು 2012ರಲ್ಲಿ ಲಂಡನ್ನಿನ ಕ್ಲಾರಿಜಸ್ ಹೋಟೆಲಿನಲ್ಲಿ ಕೆಲವು ದಿನದ ಬಿಡಾರ ಹೂಡಿ ಎಲೆಕೋಸಿನ ಮೇಲೆ ಇರುವೆ ಬಿಟ್ಟು ಬಡಿಸಿದಾಗ ಪತ್ರಿಕೆಗಳು ಹೌಹಾರಿದ್ದವು. ಚಗಳಿ ಇರುವೆಯ ಚಟ್ನಿ ಅರೆಯುವ ಮಲೆನಾಡಿನ ಮನೆಗಳಲ್ಲಿ ಅದು ಸುದ್ದಿಯೇ ಆಗುತ್ತಿರಲಿಲ್ಲ.

ನನ್ನ ತಕರಾರು ಬೇರೆ. ಪ್ರವರದಲ್ಲಿ ಊರಿನ ಹೆಸರಿದೆ, ಕೈಯ ಹೆಸರಿಲ್ಲ. ಹಣ್ಣನ್ನು ದಿನಗಟ್ಟಲೆ ಇಳಿಬಿಟ್ಟು, ರಸವನ್ನು ಕುದಿಸಿ ಕುದಿಸಿ ಕಾಚಂಪುಳಿ ಕಪ್ಪಾಗುವಂತೆ ಮಾಡಿದವರಾರು? ಕೇಳಿದರೆ 'ಷೆಫ್‌ನ ಅಜ್ಜಿಯ ರೆಸಿಪಿ' ಎಂಬ ಉತ್ತರ ಸಿದ್ಧವಾಗಿರುತ್ತದೆ. ಈಚಿನ ಮೆನುಗಳಲ್ಲಿ ಒಂದೊಂದಕ್ಕೂ ಒಬ್ಬ ಅಜ್ಜಿ ಇದ್ದೇ ಇರುತ್ತಾರೆ. ಅಮ್ಮನಿಗೆ ಇದನ್ನು ವಿವರಿಸಿದರೆ ತಟ್ಟೆಯ ನಡುವಿನ ಎರಡು ಚಮಚದಷ್ಟನ್ನು ನೋಡಿ ಕೇಳುತ್ತಾರೆ: 'ಅವರಜ್ಜಿ ಇಷ್ಟೇ ಬಡಿಸ್ತಿದ್ರಾ?'

ಈ ಹಂತದಲ್ಲಿ ಪ್ರವರ ಹೇಳುವವರ ಮುಖ ಒಮ್ಮೆ ನೋಡಿ. ಹೆಚ್ಚಿನವರು ಅಸ್ಸಾಮು, ಮಣಿಪುರ, ಒಡಿಶಾ, ಬಂಗಾಳದ ಕಡೆಯವರು. ನಡುವೆ ಒಬ್ಬ ನಮ್ಮ ಕಡೆಯ ಹುಡುಗ ಇದ್ದರೂ ಇರಬಹುದು. ನೀವು ನಿಮ್ಮನಿಮ್ಮಲ್ಲಿ ಕನ್ನಡ ಆಡುತ್ತಿದ್ದರೆ ಅವನ ಕಿವಿ ನಿಮಿರುತ್ತದೆ. ಅಮ್ಮನನ್ನು ತಡೆಯಬೇಡಿ, ಅವರು ವಿಚಾರಿಸಿಯೇ ತೀರುತ್ತಾರೆ.

'ಯಾವೂರಪ್ಪಾ ನಿಂದು?'

'ಹೊಳೆನರಸೀಪುರದ ಹತ್ರ ಹಳ್ಳಿ, ಅಮ್ಮಾ.'

'ಈ ನೊರೆ ಬಾಯಿಗೆ ಹಾಕ್ಕೊಂಡ್ರೆ ರಾತ್ರಿ ಅನ್ನಕ್ಕೆ ನೀರು ಹಾಕಿಟ್ಟು ಬೆಳಗ್ಗೆ ಉಂಡಂಗೆ ಆಗ್ತದಲ್ಲ?'

'ಅದೇ ಅಮ್ಮಾ. ಅದನ್ನೇ ಮೊಸರು ಹಾಕಿ ರುಬ್ಬಿ, ಗ್ಯಾಸ್ ತುಂಬಿ ನೊರೆ ಬರಿಸಿರ್ತಾರೆ. ಮೇಲಿರೋದು ಸುಟ್ಟ ಈರುಳ್ಳಿ.'

'ನಮ್ಮಪ್ಪ ಗದ್ದೆಗೆ ಹೋಗೋ ಮುಂಚೆ ಇದನ್ನೇ ಉಂಡು ಹೋಗ್ತಿದ್ದಿದ್ದು.'

'ನಮ್ಮಪ್ಪ ಈಗ್ಲೂ ಉಂಡು ಹೋಗೋದು ಇದನ್ನೇ, ಅಮ್ಮಾ.'

ಹನ್ನೊಂದು ತಟ್ಟೆಗಳ ಪ್ರವರದಲ್ಲಿ ಅಮ್ಮ ಮನೆಗೆ ಹೋಗಿ ಅಕ್ಕಪಕ್ಕದವರಿಗೆ ಹೇಳುವುದು ಇದೊಂದನ್ನೇ. ಈ ಮಾತು ನಡೆಯುವಾಗ ಮ್ಯಾನೇಜರ್ ದೂರದಿಂದ ನೋಡುತ್ತಿರುತ್ತಾರೆ. ಹುಡುಗನನ್ನು ಬಹಳ ಹೊತ್ತು ನಿಲ್ಲಿಸಿಕೊಳ್ಳಬೇಡಿ.

ನೊರೆಯ ಕಥೆಯನ್ನೂ ಹೇಳಿಬಿಡುತ್ತೇನೆ. ಕ್ರೀಮ್ ಉಬ್ಬಿಸುವ ಗ್ಯಾಸಿನ ಬಾಟಲಿಗೆ ಕ್ರೀಮಿನ ಬದಲು ತರಕಾರಿ ರಸವನ್ನೂ ಸಾರನ್ನೂ ತುಂಬಿ ನೊರೆಯಾಗಿಸಿದವರು ಸ್ಪೇನಿನ ಕ್ಯಾಟಲೋನಿಯಾದ ಫೆರಾನ್ ಆಡ್ರಿಯಾ, 1990ರ ದಶಕದಲ್ಲಿ. ಅವರ ರೆಸ್ಟೋರೆಂಟ್ ಎಲ್‌ಬುಯಿ 2011ರಲ್ಲಿ ಮುಚ್ಚಿತು, ನೊರೆ ಮಾತ್ರ ನಿಂತಿಲ್ಲ. 2003ರಲ್ಲಿ ಅಲ್ಲಿಂದಲೇ ಹೊರಟಿದ್ದು ಗೋಲಿಯ ತಂತ್ರ. ಕಂದು ಬಣ್ಣದ ಕಡಲಪಾಚಿಯಿಂದ ತೆಗೆದ ಆಲ್ಜಿನೇಟ್ ಕರಗಿಸಿದ ನೀರಿಗೆ ಮೊಸರನ್ನು ಚಮಚದಲ್ಲಿ ಇಳಿಬಿಟ್ಟರೆ, ಮೊಸರಿನ ಕ್ಯಾಲ್ಸಿಯಂ ಅದನ್ನು ಹಿಡಿದುಕೊಂಡು ಸುತ್ತಲೂ ತೆಳು ಪೊರೆ ಕಟ್ಟುತ್ತದೆ, ಒಳಗೆ ಮೊಸರು ಮೊಸರಾಗಿಯೇ ಉಳಿಯುತ್ತದೆ. ಇಂಥ ಗೋಲಿ ಚಮಚದಲ್ಲಿ ಬಂದರೆ ಫೋರ್ಕಿನಿಂದ ಚುಚ್ಚಬೇಡಿ. ಇಡಿಯಾಗಿ ಬಾಯೊಳಗಿಟ್ಟು, ತುಟಿ ಮುಚ್ಚಿ, ನಾಲಗೆಯಿಂದ ಅಂಗುಳಕ್ಕೆ ಒತ್ತಿ. ಆ ಅರೆಗಳಿಗೆ ಮಾತಾಡಬಾರದು, ನಗಬಾರದು, ಎದುರಿನವರು ಜೋಕು ಹೇಳಬಾರದು.

ಎಚ್ಚರಿಕೆ: ಹೊಗೆ

ಮಿಕ್ಕ ಸೂಚನೆಗಳನ್ನು ನಗುತ್ತ ಓದಬಹುದು, ಇದನ್ನು ಬೇಡ. ತಟ್ಟೆಯಿಂದಲೋ ಗ್ಲಾಸಿನಿಂದಲೋ ಬಿಳಿ ಹೊಗೆ ಮೇಜಿನ ಮೇಲೆಲ್ಲ ಹರಿದರೆ, ಇದು ಎಂಥ ಹೊಗೆ ಎಂದು ಕೇಳಿ. ಗಾಜಿನ ಗುಮ್ಮಟದೊಳಗೆ ಕೂಡಿಟ್ಟ ಸೌದೆಯ ಹೊಗೆಯಾದರೆ ಮೂಗನ್ನು ಹತ್ತಿರ ಒಯ್ಯಿರಿ, ಅದು ಇರುವುದೇ ಮೂಗಿಗಾಗಿ. ದ್ರವ ಸಾರಜನಕವಾದರೆ ಮಾತೇ ಬೇರೆ. ಅದು ಕುದಿಯುವುದೇ ಸೊನ್ನೆಗಿಂತ 196 ಡಿಗ್ರಿ ಸೆಲ್ಸಿಯಸ್ ಕೆಳಗೆ. ಅಡುಗೆಮನೆಯಲ್ಲಿ ಅದಕ್ಕೊಂದು ನ್ಯಾಯವಾದ ಕೆಲಸವಿದೆ: ಐಸ್‌ಕ್ರೀಮನ್ನು ಕ್ಷಣದಲ್ಲಿ ಹೆಪ್ಪುಗಟ್ಟಿಸುತ್ತದೆ, ನೀರಿನ ಹರಳು ದೊಡ್ಡದಾಗಲು ಪುರುಸೊತ್ತೇ ಸಿಗದೆ ನುಣ್ಣಗಾಗುತ್ತದೆ. ಅದೇ ದ್ರವ ಹೊಟ್ಟೆಗಿಳಿದರೆ ನೂರಾರು ಪಟ್ಟು ಹಿಗ್ಗಿ ಅನಿಲವಾಗುತ್ತದೆ. 2017ರಲ್ಲಿ ಗುರುಗ್ರಾಮದ ಬಾರೊಂದರಲ್ಲಿ ಹೊಗೆಯಾಡುವ ಕಾಕ್‌ಟೇಲ್ ಕುಡಿದವರೊಬ್ಬರ ಜಠರದಲ್ಲಿ ತೂತು ಬಿತ್ತು. 2024ರಲ್ಲಿ ಬೆಂಗಳೂರಿನ ಮದುವೆಯ ಆರತಕ್ಷತೆಯೊಂದರಲ್ಲಿ ಹೊಗೆ ಪಾನ್ ತಿಂದ ಹನ್ನೆರಡರ ಹುಡುಗಿಗೂ ಅದೇ ಆಗಿ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ದಾವಣಗೆರೆಯಲ್ಲಿ ಹೊಗೆ ಬಿಸ್ಕತ್ತು ತಿಂದು ಒದ್ದಾಡಿದ ಬಾಲಕನ ವಿಡಿಯೊ ಮನೆಮನೆಯ ಮೊಬೈಲಿಗೂ ಬಂತು. ಆ ವರ್ಷದ ಮೇ ತಿಂಗಳಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಬಡಿಸುವ ಹೊತ್ತಿನಲ್ಲಿ ದ್ರವ ಸಾರಜನಕ ಬಳಸಬಾರದೆಂದು ಆದೇಶ ಹೊರಡಿಸಿತು. ಆದೇಶವಿದೆಯೆಂದು ನೆಚ್ಚಿ ಕೂರಬೇಡಿ. ಹೊಗೆ ಪೂರ್ತಿ ನಿಲ್ಲದೆ ತುಟಿಗೆ ತಾಗಿಸಬೇಡಿ, ಜೊತೆಗೆ ಮಕ್ಕಳಿದ್ದರೆ ತಟ್ಟೆಯನ್ನು ವಾಪಸು ಕಳಿಸಿ. ದಾಕ್ಷಿಣ್ಯಕ್ಕೆ ಬಸಿರಾಗುವ ಜಾಗ ಇದಲ್ಲ.

ವೈನ್

ಬಾಟಲಿ ತೆಗೆದು ಗ್ಲಾಸಿನ ತಳಕ್ಕೆ ಒಂದಿಷ್ಟು ಸುರಿದು ನಿಮ್ಮ ಮುಖವನ್ನೇ ನೋಡುತ್ತ ನಿಲ್ಲುತ್ತಾರೆ. ರುಚಿಯಾಗಿದೆಯೇ ಎಂದು ಅವರು ಕೇಳುತ್ತಿಲ್ಲ, ಕೆಟ್ಟಿದೆಯೇ ಎಂದು ಕೇಳುತ್ತಿದ್ದಾರೆ. ಬಿರಡೆಗೆ ರೋಗ ಹಿಡಿದಿದ್ದರೆ ಮಳೆಯಲ್ಲಿ ನೆಂದ ರಟ್ಟಿನ ವಾಸನೆ ಹೊಡೆಯುತ್ತದೆ. ಹಾಗಿದ್ದರೆ ಬೇರೆ ಬಾಟಲಿ ಕೊಡಬೇಕಾದ್ದು ಅವರ ಧರ್ಮ. ಹಾಗಿಲ್ಲದಿದ್ದರೆ ತಲೆಯಾಡಿಸಿ, ಮುಗಿಯಿತು. ಮುಚ್ಚಳ ತಿರುಪಿನದಾದರೆ ಈ ನಾಟಕವೂ ಹೆಚ್ಚುಕಡಿಮೆ ಅನವಶ್ಯಕ. ಕೆಂಪೋ ಬಿಳಿಯೋ ಎಂದು ತಬ್ಬಿಬ್ಬಾದವರು ನಂದಿ ಬೆಟ್ಟದ ಕಡೆಯದು ಏನಿದೆ ಎಂದು ಕೇಳಿ. ವಿಷಯ ಬಲ್ಲವರ ಮಾತಿನಂತೆ ಕೇಳಿಸುತ್ತದೆ, ಆಮದು ಸುಂಕವೂ ಉಳಿಯುತ್ತದೆ. ಕುಡಿಯದವರಿಗೆ ಪುನರ್ಪುಳಿಯದೋ ನೆಲ್ಲಿಕಾಯಿಯದೋ ಪಾನಕಗಳ ಸರಣಿಯಿರುತ್ತದೆ, ವೈನಿನ ಗ್ಲಾಸಿನಲ್ಲೇ. ಹಲವು ಸಲ ವೈನಿಗಿಂತ ಅದೇ ವಾಸಿ.

ತೊಂದರೆ ಕಂಡುಬಂದಲ್ಲಿ

ತಟ್ಟೆಯ ತುಂಬ ಬೆಣಚುಕಲ್ಲು, ಒಣಹುಲ್ಲು, ಮರದ ತೊಗಟೆ ಇದ್ದರೆ: ಗಾಬರಿ ಬೇಡ, ಅದರಲ್ಲಿ ಅತಿ ಚಿಕ್ಕದು ಯಾವುದೋ ಅದೇ ಊಟ. ಅನುಮಾನವಿದ್ದರೆ ಕೇಳಿ. ಕೇಳುವುದು ಅವಮಾನವಲ್ಲ, ಕಲ್ಲು ಕಡಿಯುವುದು ಅವಮಾನ.

ತಟ್ಟೆಯ ಜೊತೆ ಶಂಖ ಕೊಟ್ಟು ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳಿ ಎಂದರೆ: ಹಾಕಿಕೊಳ್ಳಿ. ಇಂಗ್ಲೆಂಡಿನ ಹೆಸ್ಟನ್ ಬ್ಲೂಮೆಂತಾಲ್ ತಮ್ಮ ಫ್ಯಾಟ್ ಡಕ್‌ನಲ್ಲಿ ಹೀಗೆ ಅಲೆಗಳ ಸದ್ದು ಕೇಳಿಸುತ್ತ ಮೀನು ತಿನ್ನಿಸಿದ್ದು 2007ರಿಂದ. ಸದ್ದಿಗೂ ರುಚಿಗೂ ನಂಟಿದೆಯೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಚುಂಯ್ ಎನ್ನದ ದೋಸೆಯನ್ನು ಯಾರು ನಂಬುತ್ತಾರೆ?

ಅನ್ನ ಬರುತ್ತಿಲ್ಲ: ಬರುತ್ತದೆ. ಎಂಟನೇ ತಟ್ಟೆಯ ಹೊತ್ತಿಗೆ, ಮೂರು ಚಮಚದಷ್ಟು. ಅಮ್ಮ ನಾಲ್ಕನೇ ತಟ್ಟೆಯಿಂದಲೇ ಕೇಳಲು ಶುರು ಮಾಡಿರುತ್ತಾರೆ, 'ಬರ್ತದೆ ಇರಮ್ಮಾ' ಎನ್ನುತ್ತಿರಿ.

ಕೈಯಲ್ಲಿ ತಿನ್ನಬಹುದೇ: ತಿನ್ನಿ. ಫೋರ್ಕಿನಲ್ಲಿ ನೀರ್ದೋಸೆಯನ್ನು ಅಟ್ಟಾಡಿಸುವುದಕ್ಕಿಂತ ಬೇರೆ ಅಸಹ್ಯವಿಲ್ಲ. ಪಕ್ಕದ ಟೇಬಲಿನವರು ಒಮ್ಮೆ ನೋಡುತ್ತಾರೆ, ಆಮೇಲೆ ಅವರೂ ಚಾಕು ಕೆಳಗಿಡುತ್ತಾರೆ.

ಅಡುಗೆಮನೆ ಗಾಜಿನಾಚೆ ಕಾಣುವಂತಿದ್ದು ಅದರ ಎದುರಿನ ಕುರ್ಚಿಗೆ ಹೆಚ್ಚು ದರವಿದ್ದರೆ: ಕೊಡುವುದು ಬಿಡುವುದು ನಿಮ್ಮಿಷ್ಟ. ಬೆಂಗಳೂರಿಗೆ ಇದು ಹೊಸದೇನಲ್ಲ. ಎಂ.ಟಿ.ಆರ್.ನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪು ನೋಡಿ ಬಂದು, ಅಲ್ಲಿನ ಶುಚಿಯನ್ನು ಇಲ್ಲಿ ತಂದು, ಗಿರಾಕಿಗಳು ಅಡುಗೆಮನೆಯನ್ನು ಕಂಡೇ ಊಟಕ್ಕೆ ಕೂರಲಿ ಎಂದು ದಾರಿಯನ್ನೇ ಆ ಮೂಲಕ ಮಾಡಿದರು. ಅದಕ್ಕೆ ಬಿಲ್ಲಿನಲ್ಲಿ ಬೇರೆ ಸಾಲಿರಲಿಲ್ಲ.

ಜೊತೆಗೆ ಬಂದ ಭಾವಮೈದುನ 'ಇದಕ್ಕೆ ಮಿಷೆಲಿನ್ ಸ್ಟಾರ್ ಎಷ್ಟಿದೆ?' ಎಂದರೆ: ಒಂದೂ ಇಲ್ಲ, ಇರುವ ಹಾಗೂ ಇಲ್ಲ. ಟೈರು ಕಂಪನಿಯೊಂದು ಕಾರುಳ್ಳವರು ಹೆಚ್ಚು ಓಡಾಡಿ ಟೈರು ಸವೆಸಲಿ ಎಂದು 1900ರಲ್ಲಿ ಶುರುಮಾಡಿದ ಕೈಪಿಡಿ ಅದು, ನಕ್ಷತ್ರ ಕೊಡಲು ಹಿಡಿದದ್ದು 1926ರಿಂದ. ಭಾರತಕ್ಕೆ ಅದರ ಆವೃತ್ತಿಯಿಲ್ಲ. ನಮ್ಮ ರಸ್ತೆಗಳಲ್ಲಿ ಟೈರು ಸವೆಸಲು ಊಟದ ನೆಪ ಬೇಕಿಲ್ಲವೆಂದು ಅವರಿಗೂ ಗೊತ್ತಿರಬಹುದು.

ಹೊಟ್ಟೆ ತುಂಬಲಿಲ್ಲ, ಮನೆಗೆ ಹೋಗುತ್ತ ದರ್ಶಿನಿಯಲ್ಲಿ ಮಸಾಲೆ ದೋಸೆ ತಿಂದೆವು: ಈ ಜೋಕು ಹಳೆಯದು, ಸುಳ್ಳು ಕೂಡ. ಮೊದಲ ಮೂರು ತಟ್ಟೆಗಳ ನಡುವೆ ಬಿಸಿ ಬ್ರೆಡ್ಡು, ಅದರ ಪಕ್ಕ ನಿಂಬೆಗಾತ್ರದ ಬೆಣ್ಣೆ ಬಂದಿತ್ತಲ್ಲ, ಅದನ್ನು ಎರಡನೇ ಸಲ ಕೇಳಿ ತರಿಸಿಕೊಂಡವರು ಯಾರು? ಒಂಬತ್ತನೆಯ ತಟ್ಟೆಗೆ ಬೆಲ್ಟು ಸಡಿಲಿಸದವರನ್ನು ನಾನು ಕಂಡಿಲ್ಲ. ತಟ್ಟೆಗೆ ಎರಡೇ ತುತ್ತು ಎಂಬ ಲೆಕ್ಕಕ್ಕೆ ಅರ್ಥವೂ ಇದೆ. ಯಾವ ತಿನಿಸೇ ಆಗಲಿ ಮೊದಲ ತುತ್ತುಗಳಲ್ಲಿ ಕೊಡುವ ಸುಖವನ್ನು ಹತ್ತನೆಯದರಲ್ಲಿ ಕೊಡುವುದಿಲ್ಲ; ನಾಲಗೆ ಅದಕ್ಕೆ ಒಗ್ಗಿಹೋಗಿರುತ್ತದೆ. ಒಗ್ಗುವ ಮುಂಚೆಯೇ ತಟ್ಟೆ ಎತ್ತಿಬಿಡುವುದು ಇವರ ಜಾಣತನ. ಹೋಳಿಗೆಯ ವಿಷಯದಲ್ಲಿ ಮಾತ್ರ ಈ ಸಿದ್ಧಾಂತವನ್ನು ನಾನು ಒಪ್ಪಿಲ್ಲ.

ಫೋಟೊ: ತಟ್ಟೆಗೊಂದು, ಫ್ಲಾಶ್ ಇಲ್ಲದೆ. ಫೋಟೊಗೆಂದು ಎದ್ದು ಕುರ್ಚಿ ಹತ್ತಿ ನಿಲ್ಲುವವರಿಗೆ ತಣ್ಣಗಾದ ಊಟವೇ ಶಿಕ್ಷೆ, ಬೇರೆ ಬೇಕಿಲ್ಲ.

ಬಿಲ್ಲು ಮತ್ತು ಗ್ರಾಹಕ ಸೇವೆ

ಬಿಲ್ಲು ಚರ್ಮದ ಹೊದಿಕೆಯೊಳಗೆ ಬರುತ್ತದೆ. ತೆರೆದ ಕೂಡಲೇ ಕೆಳಗಿನ ಮೊತ್ತ ನೋಡಬೇಡಿ, ಮೇಲಿನಿಂದ ಓದಿ. ಜಿ.ಎಸ್.ಟಿ. ಸಾಮಾನ್ಯ ರೆಸ್ಟೋರೆಂಟಿಗೆ ಶೇ. 5, ದಿನಕ್ಕೆ 7,500 ರೂಪಾಯಿ ದಾಟುವ ಕೋಣೆಗಳಿರುವ ಹೋಟೆಲಿನೊಳಗಿನದಾದರೆ ಶೇ. 18. ಮದ್ಯ ಜಿ.ಎಸ್.ಟಿ.ಯ ಹೊರಗಿದೆ, ಅದರ ಲೆಕ್ಕ ಬೇರೆಯಾಗಿಯೇ ಇರಬೇಕು. ಇವೆರಡರ ನಡುವೆ 'ಸರ್ವಿಸ್ ಚಾರ್ಜ್' ಎಂಬ ಸಾಲೊಂದು ಸದ್ದಿಲ್ಲದೆ ಕೂತಿರುತ್ತದೆ, ಸಾಮಾನ್ಯವಾಗಿ ಶೇ. 10. ಅದು ತೆರಿಗೆಯಲ್ಲ. ಅದನ್ನು ತಾನಾಗಿ ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಹೇಳಿತು. ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ಆ ಮಾತನ್ನು ಎತ್ತಿಹಿಡಿಯಿತು, ಹೋಟೆಲಿನವರು ಮೇಲ್ಮನವಿಗೆ ಹೋದರು. ಬೇಡವೆನಿಸಿದರೆ ತೆಗೆಸಿ. ತೆಗೆಸಿದ ಮೇಲೆ ಹೊಳೆನರಸೀಪುರದ ಹುಡುಗನ ಕೈಗೆ ನೇರವಾಗಿ ಏನಾದರೂ ಕೊಡಿ. ಎರಡನೆಯದನ್ನು ಮಾಡುವ ಮನಸ್ಸಿಲ್ಲದವರು ಮೊದಲನೆಯದಕ್ಕೆ ಕೈ ಹಾಕಬೇಡಿ. ವ್ಯಾಲೆ ಪಾರ್ಕಿಂಗಿನವನಿಗೂ ಚಿಲ್ಲರೆ ಇಟ್ಟುಕೊಳ್ಳಿ, ಆ ಹೊತ್ತಿನಲ್ಲಿ ಅವನ ಫೋನ್‌ಪೇ ಯಾವಾಗಲೂ ಕೆಟ್ಟಿರುತ್ತದೆ.

ಮನವಿ ಮಾಡಿದರೂ ಸರ್ವಿಸ್ ಚಾರ್ಜ್ ತೆಗೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಹದಿನೇಳು ಭಾಷೆಗಳಲ್ಲಿ ಮಾತಾಡುತ್ತಾರೆ, ಕನ್ನಡವೂ ಅದರಲ್ಲೊಂದು. ಅನ್ನ ಕಡಿಮೆಯಾಯಿತೆಂಬ ದೂರನ್ನು ಅಲ್ಲಿ ಸ್ವೀಕರಿಸುವುದಿಲ್ಲ. ಅಮ್ಮನ ಕೈಗೆ ಆ ನಂಬರು ಸಿಗದಂತೆ ನೋಡಿಕೊಳ್ಳಿ.